ಬಣ್ಣದ ದಾವೆ, ಲೇಶ್ಯೆಯ ಲೆಕ್ಕ

ಶ್ರವಣಬೆಳಗೊಳದ ಜೈನಮಠದ ಒಳಗೋಡೆಗಳ ಮೇಲಿನ ವರ್ಣಚಿತ್ರಗಳಲ್ಲಿ ಒಂದು ಮರವಿದೆ, ಅದರೊಡನೆ ಆರು ಮಂದಿಯಿದ್ದಾರೆ. ಅದೇ ಗೋಡೆಗಳ ಮೇಲಿರುವ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರಿನ ವೈಭವಕ್ಕೆ ಮನಸೋಲುವ ಯಾತ್ರಿಕರು ಈ ಮರದ ಮುಂದೆ ಹೆಚ್ಚು ಹೊತ್ತು ನಿಲ್ಲುವುದು ಕಡಿಮೆ. ಅದು ಷಡ್ಲೇಶ್ಯೆಗಳ ಚಿತ್ರ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಹೇಳಿದ, ಕೇಶವವರ್ಣಿಯು 1359ರಲ್ಲಿ ಕನ್ನಡ ವೃತ್ತಿಯ ಮೂಲಕ ಈ ನಾಡಿನವರಿಗೆ ತಲುಪಿಸಿದ ದೃಷ್ಟಾಂತ ಅದರ ಹಿಂದಿದೆ. ಹಸಿದ ಆರು ಮಂದಿ ದಾರಿಗರಿಗೆ ಹಣ್ಣು ತುಂಬಿದ ಮರವೊಂದು ಕಾಣುತ್ತದೆ. ಒಬ್ಬನು ಬೇರುಸಹಿತ ಕಡಿಯೋಣ ಎನ್ನುತ್ತಾನೆ. ಇನ್ನೊಬ್ಬನು ಕಾಂಡವನ್ನು, ಮತ್ತೊಬ್ಬನು ದೊಡ್ಡ ಕೊಂಬೆಯನ್ನು, ನಾಲ್ಕನೆಯವನು ಸಣ್ಣ ರೆಂಬೆಯನ್ನು ಎನ್ನುತ್ತಾನೆ. ಐದನೆಯವನಿಗೆ ಹಣ್ಣನ್ನಷ್ಟೇ ಕಿತ್ತರೆ ಸಾಕು. ಆರನೆಯವನು ಕೆಳಗೆ ಬಿದ್ದುದನ್ನು ಆಯ್ದುಕೊಳ್ಳುತ್ತಾನೆ. ಕೃಷ್ಣದಿಂದ ಶುಕ್ಲದವರೆಗೆ ಆರು ಲೇಶ್ಯೆಗಳು ಇವೇ.

ಈ ಮರವನ್ನು ಹೊಸ ಕಾರಿನ ಬಣ್ಣಕ್ಕೆ ಸಂಬಂಧಿಸಿದ ವ್ಯಾಜ್ಯವೊಂದರ ಪಕ್ಕದಲ್ಲಿಟ್ಟು ನೋಡುವುದು ಮೊದಲಿಗೆ ವಿಚಿತ್ರವೆನಿಸಬಹುದು. ಆದರೆ ಲೇಶ್ಯೆ ಎಂಬ ಮಾತೇ ಬಣ್ಣ ಬಳಿಯುವುದಕ್ಕೆ ಸಂಬಂಧಿಸಿದ್ದು. ಆತ್ಮಕ್ಕೆ ಕರ್ಮದ ಲೇಪ ಹಚ್ಚುವುದು ಅದು. ಕಷಾಯಗಳಿಂದ ಬಣ್ಣ ಹಿಡಿದ ಮನ, ವಚನ, ಕಾಯಗಳ ಪ್ರವೃತ್ತಿಯೇ ಲೇಶ್ಯೆ ಎಂದು ಆಚಾರ್ಯರು ವಿವರಿಸಿದ್ದಾರೆ. ಲೋಹದ ಮೇಲಿನ ಬಣ್ಣಕ್ಕಾಗಿ ನಡೆಯುವ ಜಗಳದಲ್ಲಿ ಜೀವದ ಮೇಲಿನ ಬಣ್ಣ ಯಾವುದಾಗುತ್ತಿದೆ ಎಂದು ಕೇಳುವುದು ಅಸಂಗತವಲ್ಲ.

ಇಂಥ ವ್ಯಾಜ್ಯಗಳಲ್ಲಿ ಜಗತ್ತಿನ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಪ್ರಕರಣವೊಂದು ಅಮೆರಿಕದ ಅಲಬಾಮ ರಾಜ್ಯದ್ದು. 1990ರ ಜನವರಿಯಲ್ಲಿ ಡಾ. ಐರಾ ಗೋರ್ ಎಂಬುವರು ಬರ್ಮಿಂಗ್‌ಹ್ಯಾಮ್ ನಗರದ ಅಧಿಕೃತ ಮಾರಾಟಗಾರರಿಂದ 40,750 ಡಾಲರಿಗೆ ಒಂದು ಹೊಸ ಬಿಎಂಡಬ್ಲ್ಯು ಕಾರನ್ನು ಕೊಂಡರು. ಒಂಬತ್ತು ತಿಂಗಳು ಅದನ್ನು ಯಾವ ದೂರೂ ಇಲ್ಲದೆ ಓಡಿಸಿದರು. ಅನಂತರ ಇನ್ನಷ್ಟು ಹೊಳಪು ಬರಲೆಂದು ಕಾರಿಗೆ ಮೆರುಗು ಕೊಡುವವನೊಬ್ಬನ ಬಳಿಗೆ ಒಯ್ದಾಗ, ಇದಕ್ಕೆ ಮರುಬಣ್ಣ ಬಳಿಯಲಾಗಿದೆ ಎಂದು ಅವನು ಗುರುತಿಸಿದನು. ಜರ್ಮನಿಯಿಂದ ಸಾಗಿಬರುವಾಗ ಆಮ್ಲಮಳೆಯಿಂದ ಬಣ್ಣ ಕೆಟ್ಟಿತ್ತೆಂದೂ, ಮಾರುವ ಮೊದಲೇ ಮೇಲ್ಛಾವಣಿ, ಬಾನೆಟ್, ಡಿಕ್ಕಿ ಮುಂತಾದ ಭಾಗಗಳಿಗೆ 601 ಡಾಲರು ವೆಚ್ಚದಲ್ಲಿ ಹೊಸದಾಗಿ ಬಣ್ಣ ಬಳಿಯಲಾಗಿತ್ತೆಂದೂ ವಿಚಾರಣೆಯಲ್ಲಿ ತಿಳಿದುಬಂತು. ಕಂಪನಿಗೆ 1983ರಿಂದಲೇ ಒಂದು ನಿಯಮವಿತ್ತು: ದುರಸ್ತಿಯ ವೆಚ್ಚ ಕಾರಿನ ಬೆಲೆಯ ಶೇಕಡಾ 3ನ್ನು ಮೀರದಿದ್ದರೆ ಅದನ್ನು ಹೊಸದೆಂದೇ ಮಾರುವುದು, ಮಾರಾಟಗಾರನಿಗೂ ತಿಳಿಸದಿರುವುದು. ಗೋರ್ ಅವರ ಕಾರಿನಲ್ಲಿ ಅದು ಶೇಕಡಾ ಒಂದೂವರೆಯಷ್ಟಿತ್ತು.

ಕಂಪನಿಯ ವಾದವನ್ನು ತಳ್ಳಿಹಾಕುವ ಮುನ್ನ ಕೇಳಬೇಕು. ಅನೇಕಾಂತವನ್ನು ನಂಬುವವರಿಗೆ ಅಷ್ಟು ತಾಳ್ಮೆ ಇರಬೇಕಲ್ಲವೆ? ಮರುಬಣ್ಣ ಕಾರ್ಖಾನೆಯ ಬಣ್ಣದಷ್ಟೇ ಚೆನ್ನಾಗಿದೆ, ಕಾರಿನ ಓಟಕ್ಕೂ ಸುರಕ್ಷತೆಗೂ ಕುಂದಿಲ್ಲ, ಕೊಂಡವರಿಗೇ ಒಂಬತ್ತು ತಿಂಗಳು ಗೊತ್ತಾಗಲಿಲ್ಲ, ಹಲವು ರಾಜ್ಯಗಳ ಕಾನೂನುಗಳಲ್ಲಿ ಅತ್ಯಂತ ಬಿಗಿಯಾದುದನ್ನೇ ಅನುಸರಿಸಿ ಶೇಕಡಾ 3ರ ಮಿತಿಯನ್ನು ಇಟ್ಟುಕೊಂಡಿದ್ದೇವೆ ಎಂಬುದು ಅವರ ಮಾತು. ಇದರಲ್ಲಿ ಸುಳ್ಳೇನೂ ಇಲ್ಲ. ಬಣ್ಣ ಎಂಬುದಾದರೂ ಎಷ್ಟು? ಉಕ್ಕಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣದ ಪದರ, ಅದರ ಮೇಲೆ ಪಾರದರ್ಶಕ ಮೆರುಗು ಎಲ್ಲ ಸೇರಿದರೂ ದಪ್ಪ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ಆಸುಪಾಸು.

ಆದರೂ ಈ ವಾದ ಜೈನ ಶ್ರಾವಕಾಚಾರದ ಮುಂದೆ ನಿಲ್ಲುವುದಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಕೊನೆಗೆ ಪ್ರತಿರೂಪಕ ವ್ಯವಹಾರವನ್ನು ಇಟ್ಟಿದ್ದಾರೆ. ಅಸಲಿನಂತೆ ತೋರುವುದನ್ನು ಅಸಲೆಂದು ದಾಟಿಸುವುದೇ ಅದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೃತಕ ಚಿನ್ನದ ಉದಾಹರಣೆಯನ್ನು ಕೊಟ್ಟು ಇದನ್ನು ವಿವರಿಸುವಾಗ ಒತ್ತು ಬೀಳುವುದು ವಂಚನೆಯ ಮೇಲೆ. ವಸ್ತು ಎಷ್ಟು ಕೆಟ್ಟಿದೆ ಎಂಬುದು ಅಲ್ಲಿ ಮುಖ್ಯವಲ್ಲ. ಇದನ್ನು ಅಸತ್ಯದ ಪಟ್ಟಿಗೆ ಸೇರಿಸದೆ ಕಳವಿನ ಪಟ್ಟಿಗೆ ಸೇರಿಸಿರುವುದೂ ಗಮನಾರ್ಹ: ಕೊಳ್ಳುವವನು ಏನನ್ನು ಕೊಳ್ಳುತ್ತಿದ್ದೇನೆಂದು ತಿಳಿಯುವ ಹಕ್ಕನ್ನೇ ಅಲ್ಲಿ ಕದಿಯಲಾಗುತ್ತದೆ. ಮರುಬಣ್ಣ ಬಳಿದದ್ದು ದೋಷವಲ್ಲ. ಹೇಳಿ ಮಾರಿದ್ದರೆ ಅದೇ ಕಾರು ನಿರ್ದೋಷ. ಶೇಕಡಾ 3ರೊಳಗಿನ ಮಾಯೆ ಮಾಯೆಯಲ್ಲ ಎಂಬ ವಿನಾಯಿತಿ ಆಗಮದಲ್ಲಿ ಎಲ್ಲಿಯೂ ಇಲ್ಲ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ನವೀಕರಿಸಿದ ಇಲ್ಲವೆ ಹಳೆಯ ವಸ್ತುವನ್ನು ಹೊಸದೆಂದು ಸುಳ್ಳಾಗಿ ಬಿಂಬಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ.

ಹಾಗಾದರೆ ವಂಚಿತನು ಏನು ಮಾಡಬೇಕು? ದಶಲಕ್ಷಣ ಪರ್ವದ ಮೊದಲ ದಿನವೇ ಉತ್ತಮ ಕ್ಷಮೆಯನ್ನು ಆಚರಿಸುವ ಸಮಾಜದಲ್ಲಿ, ಬಣ್ಣ ಉಬ್ಬಿದರೆ ಉಬ್ಬಲಿ, ಕರ್ಮೋದಯ ಎಂದು ಸುಮ್ಮನಿರುವುದೇ ಧರ್ಮ ಎನ್ನುವ ಸಜ್ಜನರು ಬಹಳ. ಈ ಮಾತಿನಲ್ಲಿ ಮುನಿಧರ್ಮವನ್ನೂ ಗೃಹಸ್ಥಧರ್ಮವನ್ನೂ ಕಲಸಿದ ಗೊಂದಲವಿದೆ. ಮುನಿಗೆ ಕಾರೇ ಇಲ್ಲ, ಬಣ್ಣದ ಪ್ರಶ್ನೆಯೂ ಇಲ್ಲ. ಗೃಹಸ್ಥನ ವಿಷಯ ಬೇರೆ: ಅವನು ಪೂರ್ಣವಾಗಿ ಬಿಡಬೇಕಾದದ್ದು ಸಂಕಲ್ಪೀ ಹಿಂಸೆಯನ್ನು, ಅನ್ಯಾಯವನ್ನು ಎದುರಿಸುವಾಗ ಅನಿವಾರ್ಯವಾಗುವ ವಿರೋಧೀ ಹಿಂಸೆಗೇ ಅವನ ಅಣುವ್ರತದಲ್ಲಿ ಎಡೆಯಿದೆಯೆಂದ ಮೇಲೆ, ನ್ಯಾಯವಾದ ದೂರು ಬರೆಯುವುದಕ್ಕೆ ಇಲ್ಲದಿರುತ್ತದೆಯೆ? ಮೇಲಾಗಿ ಸುಮ್ಮನಿರುವಿಕೆಗೆ ಬೆಲೆ ತೆರುವವರು ಬೇರೆಯವರು. 300 ಡಾಲರಿಗಿಂತ ಹೆಚ್ಚಿನ ವೆಚ್ಚದಲ್ಲಿ ಮರುಬಣ್ಣ ಬಳಿದು ಹೊಸದೆಂದು ಮಾರಿದ 983 ಕಾರುಗಳ ಲೆಕ್ಕ ಗೋರ್ ಅವರ ದಾವೆಯಿಂದಲೇ ಹೊರಬಂದದ್ದು. ತೀರ್ಪಿನ ಬಳಿಕ ಕಂಪನಿಯು, ದುರಸ್ತಿ ಎಷ್ಟೇ ಸಣ್ಣದಿರಲಿ, ತಿಳಿಸಿಯೇ ಮಾರುವ ನಿಯಮವನ್ನು ದೇಶದುದ್ದಕ್ಕೂ ಜಾರಿಗೆ ತಂದಿತು. ದಾವೆ ಹೂಡಿದವರ ಮನಸ್ಸಿನಲ್ಲಿ ಏನಿತ್ತೆಂಬುದು ಹೇಗೇ ಇರಲಿ, ಮುಂದಿನ ಸಾವಿರಾರು ಕೊಳ್ಳುಗರಿಗೆ ಸತ್ಯ ಸಿಕ್ಕಿತು.

ಮಠದ ಗೋಡೆಯ ಮರ ಮತ್ತೆ ನೆನಪಾಗುವುದು ಇಲ್ಲಿಂದ ಮುಂದೆ. ಕಾರಿನ ಬೆಲೆ ಹತ್ತರಲ್ಲೊಂದು ಪಾಲು ಇಳಿಯಿತೆಂದು ಗೋರ್ 4,000 ಡಾಲರು ನಷ್ಟ ತೋರಿಸಿದರು. ಅಷ್ಟಕ್ಕೇ ನಿಲ್ಲದೆ, ಅದನ್ನು ಸುಮಾರು ಸಾವಿರ ಕಾರುಗಳಿಂದ ಗುಣಿಸಿ 40 ಲಕ್ಷ ಡಾಲರು ದಂಡರೂಪದ ಪರಿಹಾರವನ್ನು ಕೇಳಿದರು. ಜ್ಯೂರಿ ಎರಡನ್ನೂ ಕೊಟ್ಟಿತು. ಅಲಬಾಮದ ಸರ್ವೋಚ್ಚ ನ್ಯಾಯಾಲಯವು ಬೇರೆ ರಾಜ್ಯಗಳ ಮಾರಾಟವನ್ನು ಲೆಕ್ಕಕ್ಕೆ ಹಿಡಿದದ್ದು ತಪ್ಪೆಂದು ದಂಡವನ್ನು 20 ಲಕ್ಷಕ್ಕೆ ಇಳಿಸಿತು. 1996ರ ಮೇ 20ರಂದು ಅಮೆರಿಕದ ಸುಪ್ರೀಂ ಕೋರ್ಟು, ಐವರು ನ್ಯಾಯಮೂರ್ತಿಗಳು ಒಂದೆಡೆ, ನಾಲ್ವರು ಇನ್ನೊಂದೆಡೆಯಾಗಿ, ಇದೂ ವಿಪರೀತವಾಯಿತೆಂದು ತೀರ್ಪಿತ್ತಿತು. ನಷ್ಟಕ್ಕೆ 500 ಪಟ್ಟು ದಂಡ! ತಪ್ಪು ಎಷ್ಟು ಹೇಯ, ನಷ್ಟಕ್ಕೂ ದಂಡಕ್ಕೂ ಇರುವ ಅನುಪಾತವೇನು, ಅಂಥ ತಪ್ಪಿಗೆ ಕಾನೂನೇ ವಿಧಿಸಿರುವ ದಂಡವೆಷ್ಟು ಎಂಬ ಮೂರು ಅಳತೆಗೋಲುಗಳನ್ನು ಆ ನ್ಯಾಯಪೀಠ ಮುಂದಿಟ್ಟಿತು. ಕಡೆಗೆ 1997ರಲ್ಲಿ ದಂಡದ ಮೊತ್ತ 50,000 ಡಾಲರಿಗೆ ನಿಂತಿತು. ಇದೇ ಬಗೆಯ ಮರುಬಣ್ಣದ ಇನ್ನೊಂದು ಮೊಕದ್ದಮೆಯಲ್ಲಿ ಜ್ಯೂರಿ 4,600 ಡಾಲರು ನಷ್ಟ ತುಂಬಿಕೊಟ್ಟು, ದಂಡವಾಗಿ ಬಿಡಿಗಾಸನ್ನೂ ವಿಧಿಸಿರಲಿಲ್ಲ.

ಆರೂ ದಾರಿಗರಿಗೆ ಹಸಿವು ನಿಜ, ಹಣ್ಣು ತಿನ್ನುವ ಹಕ್ಕೂ ಸಮಾನ. ದೃಷ್ಟಾಂತವು ಹಸಿದವನನ್ನು ನಿಂದಿಸುವುದಿಲ್ಲ ಎಂಬುದನ್ನು ವ್ಯಾಖ್ಯಾನಕಾರರು ಕೆಲವೊಮ್ಮೆ ಮರೆಯುತ್ತಾರೆ. ಕೊಡಲಿ ಎಲ್ಲಿಗೆ ಬೀಳುತ್ತದೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ. 4,000 ಡಾಲರಿನ ಬೇಡಿಕೆಯಲ್ಲಿ ಹಣ್ಣು ಕೀಳುವವನ ಮಿತಿ ಕಾಣುತ್ತದೆ; 40 ಲಕ್ಷದ ಬೇಡಿಕೆ ಬೇರಿಗೇ ಕೈಯಿಕ್ಕಿದೆ. ದೊಡ್ಡ ಕಂಪನಿಗೆ ಬುದ್ಧಿ ಬರಬೇಕಾದರೆ ದೊಡ್ಡ ಪೆಟ್ಟೇ ಬೇಕು ಎಂಬ ವಾದವುಂಟು, ಅದು ದುರ್ಬಲವಾದುದೂ ಅಲ್ಲ; ನಾಲ್ವರು ನ್ಯಾಯಮೂರ್ತಿಗಳು ಭಿನ್ನಮತ ಬರೆದದ್ದು ವ್ಯರ್ಥವಾಗಿ ಅಲ್ಲ. ಆದರೆ ಆ ಪೆಟ್ಟಿನ ಹಣ ಪೆಟ್ಟುಕೊಟ್ಟವನ ಜೇಬಿಗೇ ಬರುವಾಗ, ಲೋಕಹಿತ ಎಲ್ಲಿ ಮುಗಿಯಿತು, ಲೋಭ ಎಲ್ಲಿ ಶುರುವಾಯಿತು ಎಂದು ಹೇಳುವುದು ದಾವೆದಾರನಿಗೂ ಕಷ್ಟ.

ಇಷ್ಟು ದೊಡ್ಡ ಮೊತ್ತಗಳ ಮಾತೇಕೆ, ಊರಿನ ಶೋರೂಮಿನಲ್ಲಿ ದಿನವೂ ನಡೆಯುವುದನ್ನು ನೋಡಿದರೆ ಸಾಕು. ವಾರಂಟಿ ಪುಸ್ತಕ ಕಾರ್ಖಾನೆಯ ದೋಷಕ್ಕೆ ಹೊಣೆ ಹೊರುತ್ತದೆ. ಹಾರಿದ ಕಲ್ಲಿನ ಗೀರು, ಹಕ್ಕಿಯ ಹಿಕ್ಕೆ, ಮರದ ಅಂಟು, ರಾಸಾಯನಿಕದ ಕಲೆ ಇವನ್ನು ಸಾಮಾನ್ಯವಾಗಿ ಹೊರಗಿಡುತ್ತದೆ. ಮೆರುಗಿನ ಪದರ ಸಿಪ್ಪೆಯಂತೆ ಏಳುತ್ತಿದೆ ಎಂದು ಬಂದ ಮಾಲೀಕನಿಗೆ ಸರ್ವಿಸ್ ಸೆಂಟರಿನವನು ಕಾರನ್ನು ನೋಡುವ ಮೊದಲೇ ಹಕ್ಕಿಯ ಹಿಕ್ಕೆ ಎಂದುಬಿಡುತ್ತಾನೆ. ಇದು ಒಂದು ಕಡೆ. ಗೇಟಿಗೆ ತಾಗಿಸಿಕೊಂಡು, ರಸ್ತೆಬದಿಯ ಗ್ಯಾರೇಜಿನಲ್ಲಿ ಪುಟ್ಟಿ ಹಚ್ಚಿಸಿ ಬಣ್ಣ ಹೊಡೆಸಿದ ಬಾಗಿಲನ್ನೂ ಕಾರ್ಖಾನೆಯ ದೋಷದ ಪಟ್ಟಿಗೆ ಸೇರಿಸುವ ಮಾಲೀಕ ಇನ್ನೊಂದು ಕಡೆ. ಬಣ್ಣದ ದಪ್ಪ ಅಳೆಯುವ ಪುಟ್ಟ ಉಪಕರಣವನ್ನು ಹಿಡಿದರೆ ಇಬ್ಬರ ಗುಟ್ಟೂ ಬಯಲಾಗುತ್ತದೆ. ಪುಟ್ಟಿ ಹಚ್ಚಿ ಬಣ್ಣ ಬಳಿದ ಕಡೆ ಅಂಕಿ ಜಿಗಿಯುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂಬುದೊಂದಿದೆ, ಸುಳ್ಳು ಬರಹ ಹುಟ್ಟಿಸುವುದು. ಜಾಬ್ ಕಾರ್ಡಿನಲ್ಲಿ ದೂರನ್ನೇ ಬರೆಯದೆ ಬಿಡುವವನಿಗೂ, ಗ್ಯಾರೇಜಿನ ರಸೀದಿಯನ್ನು ಬಚ್ಚಿಟ್ಟು ಪ್ರಮಾಣಪತ್ರಕ್ಕೆ ಸಹಿ ಹಾಕುವವನಿಗೂ ಅದು ಸಮನಾಗಿ ಅನ್ವಯಿಸುತ್ತದೆ. ತನಗೆ ಮೋಸವಾಗಿದೆ ಎಂಬ ಭಾವನೆ ಮನುಷ್ಯನಿಗೆ ತಾನೂ ಸ್ವಲ್ಪ ಮೋಸ ಮಾಡಬಹುದೆಂಬ ಪರವಾನಗಿಯನ್ನು ಎಷ್ಟು ಬೇಗ ಕೊಟ್ಟುಬಿಡುತ್ತದೆ!

ಇನ್ನು ಕೋಪದ ಮಾತು. ವಾರಂಟಿಗೆ ಅವಧಿಯಿರುವಂತೆ ಕಷಾಯಕ್ಕೂ ಅವಧಿಯನ್ನು ಗೊಮ್ಮಟಸಾರ ಹೇಳುತ್ತದೆ. ಸಂಜ್ವಲನದ ವಾಸನೆ ಒಂದು ಅಂತರ್ಮುಹೂರ್ತ, ಎಂದರೆ 48 ನಿಮಿಷದೊಳಗೆ. ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ. ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ಅದನ್ನೂ ಮೀರಿ ಜನ್ಮಜನ್ಮಾಂತರಕ್ಕೆ ಬೆನ್ನು ಹತ್ತುವುದು ಅನಂತಾನುಬಂಧಿ. ಅಣುವ್ರತ ಹಿಡಿದವನ ಕೋಪ ಹದಿನೈದು ದಿನವನ್ನು ದಾಟಬಾರದು. ನ್ಯಾಯದ ಗಡಿಯಾರ ಹಾಗೆ ಓಡುವುದಿಲ್ಲ. 2019ರ ಕಾಯ್ದೆಯ ಪ್ರಕಾರ ದೂರು ಸಲ್ಲಿಸಲು ಎರಡು ವರ್ಷ ಕಾಲಾವಕಾಶವಿದೆ. ಎದುರು ಪಕ್ಷಕ್ಕೆ ನೋಟಿಸು ಮುಟ್ಟಿದ ಮೇಲೆ ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ಇತ್ಯರ್ಥಪಡಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ವ್ಯವಹಾರದಲ್ಲಿ ಅದು ಉದ್ದವಾಗುವುದೇ ಹೆಚ್ಚು. ಗೋರ್ ಅವರ ಕಾರು ಮಾರಾಟವಾದದ್ದಕ್ಕೂ ಕೊನೆಯ ತೀರ್ಪಿಗೂ ನಡುವೆ ಏಳು ವರ್ಷಗಳು ಕಳೆದವು. ದಾವೆ ನಡೆಯುತ್ತಿರಲಿ, ಕೋಪ ಪಕ್ಷದೊಳಗೆ ಮುಗಿಯಲಿ ಎಂಬುದು ಅಸಾಧ್ಯವಾದ ಬೇಡಿಕೆಯೇನಲ್ಲ. ಕಡತವನ್ನು ವಕೀಲರ ಕಪಾಟಿನಲ್ಲಿ ಬಿಟ್ಟುಬಂದು ಸಂಜೆಯ ಸಾಮಾಯಿಕಕ್ಕೆ ಕುಳಿತುಕೊಳ್ಳುವವರು ಇದ್ದಾರೆ. ಕಡತವನ್ನು ತಲೆದಿಂಬಿನ ಕೆಳಗಿಟ್ಟುಕೊಂಡು, ಬಂದ ನೆಂಟರಿಗೆಲ್ಲ ಬಾನೆಟ್ಟಿನ ಉಬ್ಬುಗಳನ್ನು ಬೆರಳಿಟ್ಟು ತೋರಿಸುತ್ತ ವರ್ಷ ಕಳೆಯುವವರೂ ಇದ್ದಾರೆ. ಗೆದ್ದ ಹಣದಿಂದ ಎರಡನೆಯವರ ನಷ್ಟ ತುಂಬುವುದಿಲ್ಲ.

ಗೋರ್ ಅವರ ಒಂಬತ್ತು ತಿಂಗಳುಗಳು ಇಲ್ಲಿ ಇನ್ನೊಮ್ಮೆ ನೆನೆಯತಕ್ಕವು. ಆ ಅವಧಿಯಲ್ಲಿ ಪುದ್ಗಲದಲ್ಲಿ ಯಾವ ವ್ಯತ್ಯಾಸವೂ ಆಗಿರಲಿಲ್ಲ. ಅದೇ ಬಣ್ಣ, ಅದೇ ಹೊಳಪು. ಬದಲಾದದ್ದು ತಿಳಿವಳಿಕೆ, ಅದರ ಬೆನ್ನಿಗೆ ಸಂಕಟ. ಸಂಕಟದ ಒಂದು ಪಾಲು ವಂಚನೆಗೆ ಸಲ್ಲಬೇಕು, ಇನ್ನೊಂದು ಪಾಲು ಹೊಸತರ ಮೇಲಿನ ಮೂರ್ಛೆಗೆ. ಮೊದಲನೆಯದಕ್ಕೆ ಮಾತ್ರ ನ್ಯಾಯಾಲಯದಲ್ಲಿ ಪರಿಹಾರವಿದೆ. ದೂರಿನ ಅರ್ಜಿ ಬರೆಯುವವನು ಇವೆರಡನ್ನೂ ಬೇರ್ಪಡಿಸಿ ಬರೆದರೆ ಅರ್ಜಿ ಚಿಕ್ಕದಾಗುತ್ತದೆ: ಕಾರು ಕೈಸೇರಿದ ದಿನ, ದೋಷ ಕಂಡ ದಿನ, ಯಾವ ಭಾಗ, ಅಳತೆಯ ಉಪಕರಣ ತೋರಿಸಿದ ಅಂಕಿ, ಮನೆಯಲ್ಲಿ ತೊಳೆದದ್ದು ಯಾವುದರಿಂದ, ಹೊರಗೆ ದುರಸ್ತಿ ಮಾಡಿಸಿದ್ದರೆ ಎಲ್ಲಿ, ಕೇಳುತ್ತಿರುವುದು ಏನು. ಬಾನೆಟ್ ಮಾತ್ರ ಉಬ್ಬಿದ್ದರೆ ಬಾನೆಟ್ ಎಂದೇ ಬರೆಯಬೇಕು. ಬಾಗಿಲಿನ ಗೀರು ತನ್ನದೇ ಗೇಟಿನದಾದರೆ ಅದನ್ನೂ ಬರೆಯಬೇಕು.