ಶ್ರೀ ರೋಕಾ ಅವರ ದೇಶಸಂಚಾರವೂ ನಮ್ಮ ಕಾಲ್ಚೆಂಡಾಟವೂ

ಕಾಲ್ಚೆಂಡಾಟದ ಋತು ಸಮೀಪಿಸಿತೆಂದರೆ ನಮ್ಮ ದೇಶದ ದೊಡ್ಡ ಕ್ಲಬ್ಬುಗಳು ಪರದೇಶದ ತರಬೇತುಗಾರರನ್ನು ಹುಡುಕಿ ತರುವುದು ಈಗ ಹತ್ತು ಹನ್ನೆರಡು ವರ್ಷಗಳಿಂದ ಒಂದು ಪದ್ಧತಿಯೇ ಆಗಿಹೋಗಿದೆ. ಬಂದವರಿಗೆ ಹಾರ, ಕ್ಲಬ್ಬಿನ ಬಣ್ಣದ ಶಾಲು, ಪತ್ರಿಕೆಯವರೊಡನೆ ನಾಲ್ಕು ಒಳ್ಳೆಯ ಮಾತು. ಒಂದೆರಡು ಋತು ಕಳೆಯುವುದರೊಳಗೆ ಬೀಳ್ಕೊಡುಗೆ, ಆಮೇಲೆ ಇನ್ನೊಬ್ಬರಿಗೆ ಹಾರ. ಇದನ್ನು ಕಂಡು ಬೇಸತ್ತ ಕೆಲವರು, ನಮ್ಮ ಹುಡುಗರಿಗೆ ಚೆಂಡೊದೆಯುವುದನ್ನು ಕಲಿಸುವುದಕ್ಕೂ ಸಮುದ್ರದಾಚೆಯವರೇ ಬೇಕೆ ಎಂದು ಕೇಳುತ್ತಾರೆ. ಮತ್ತೆ ಕೆಲವರಿಗೆ ಪರದೇಶದ ಹೆಸರೇ ವಿದ್ಯೆಯ ಸರ್ಟಿಫಿಕೇಟಾಗಿದೆ. ಈ ಉಭಯ ಪಕ್ಷದವರ ವಾದವನ್ನೂ ಒರೆಗೆ ಹಚ್ಚಬೇಕಾದರೆ ಬರಿಯ ತತ್ತ್ವಗಳನ್ನು ಹಿಡಿದು ಜಗ್ಗಾಡುವುದಕ್ಕಿಂತ ಒಬ್ಬ ಮನುಷ್ಯನ ಚರಿತ್ರೆಯನ್ನು ನೋಡುವುದು ಲೇಸೆಂದು ನಮಗೆ ತೋರುತ್ತದೆ. 2016ರಿಂದ 2018ರವರೆಗೆ ಬೆಂಗಳೂರು ತಂಡದ ಸೂತ್ರವನ್ನು ಹಿಡಿದಿದ್ದ ಸ್ಪೇನ್ ದೇಶದ ಶ್ರೀ ಆಲ್ಬರ್ಟ್ ರೋಕಾ ಅವರ ಚರಿತ್ರೆ ಇದಕ್ಕೆ ತಕ್ಕುದಾಗಿದೆ.

ರೋಕಾ ಅವರು 1962ರಲ್ಲಿ ಕೆಟಲೋನಿಯ ಪ್ರಾಂತ್ಯದ ಗ್ರಾನೊಯೆರ್ಸ್ ಎಂಬ ಊರಿನಲ್ಲಿ ಜನಿಸಿದರು. ಆಟಗಾರರಾಗಿ ಅವರು ಗಳಿಸಿದ ಕೀರ್ತಿ ದೊಡ್ಡದೇನೂ ಅಲ್ಲ. ನಮ್ಮ ದಾವಣಗೆರೆಯಂತೆ ಬಟ್ಟೆಯ ಗಿರಣಿಗಳಿಂದ ಹೆಸರಾದ ಸಬಾಡೆಲ್ ಪಟ್ಟಣದ ತಂಡದಲ್ಲಿ ಆಡಿದರು. ಆ ತಂಡವು 1986ರಿಂದ 1988ರವರೆಗೆ ಎರಡು ವರ್ಷ ಸ್ಪೇನಿನ ಮೊದಲನೆಯ ದರ್ಜೆಯಲ್ಲಿದ್ದು ಕೆಳಕ್ಕಿಳಿಯಿತು. ದೊಡ್ಡ ಆಟಗಾರನಾಗದವನು ದೊಡ್ಡ ಗುರುವಾಗಬಾರದೆಂಬ ನಿಯಮವಿಲ್ಲವಷ್ಟೆ. ಸಂಗೀತದಲ್ಲಿಯೂ ಸಾಹಿತ್ಯದಲ್ಲಿಯೂ ಇದರ ನಿದರ್ಶನಗಳನ್ನು ನಮ್ಮ ವಾಚಕರು ಬೇಕಾದಷ್ಟು ಬಲ್ಲರು. 2003ರಲ್ಲಿ ಡಚ್ಚರ ಶ್ರೀ ಫ್ರಾಂಕ್ ರೈಕಾರ್ಡ್ ಅವರು ಬಾರ್ಸಿಲೋನಾ ತಂಡದ ಮುಖ್ಯಸ್ಥರಾದಾಗ ರೋಕಾ ಅವರು ಅವರ ಸಹಾಯಕರ ಮಂಡಲಿಯನ್ನು ಸೇರಿ ಐದು ವರ್ಷ ದುಡಿದರು. ಆ ಅವಧಿಯಲ್ಲಿ ಬಾರ್ಸಿಲೋನಾ ಎರಡು ಸಲ ಸ್ಪೇನಿನ ಲೀಗನ್ನೂ, 2006ರ ಮೇ ತಿಂಗಳಲ್ಲಿ ಪ್ಯಾರಿಸ್ ನಗರದಲ್ಲಿ ಆರ್ಸೆನಲ್ ತಂಡವನ್ನು 2-1ರಿಂದ ಸೋಲಿಸಿ ಯೂರೋಪಿನ ಚಾಂಪಿಯನ್ ಪದವಿಯನ್ನೂ ಪಡೆಯಿತು. ಗುರುವಿನ ಹಿಂದೆಯೇ ರೋಕಾ ತುರ್ಕಿಯ ಗಲಾತಸರಾಯ್ ಕ್ಲಬ್ಬಿಗೆ ಹೋದರು. ಅನಂತರ ಸೌದಿ ಅರೇಬಿಯದ ರಾಷ್ಟ್ರತಂಡಕ್ಕೆ ಹೋದರು. ಅಲ್ಲಿಯವರೆಗೆ ಅವರು ಇನ್ನೊಬ್ಬರ ನೆರಳಿನಲ್ಲಿದ್ದವರೇ.

ಸ್ವತಂತ್ರವಾಗಿ ಒಂದು ರಾಷ್ಟ್ರದ ತಂಡದ ಹೊಣೆ ಹೊತ್ತುದು 2014ರಲ್ಲಿ, ಎಲ್ ಸಾಲ್ವಡಾರಿನಲ್ಲಿ. ಈ ದೇಶ ಮಧ್ಯ ಅಮೆರಿಕದಲ್ಲಿದೆ. ವಿಸ್ತೀರ್ಣದಲ್ಲಿ ಕರ್ನಾಟಕದ ಒಂಬತ್ತನೆಯ ಒಂದು ಪಾಲು. ಆದರೆ ಕಾಲ್ಚೆಂಡಾಟದ ಹುಚ್ಚು ಅಲ್ಲಿ ಎಷ್ಟೆಂದರೆ, 1969ರಲ್ಲಿ ನೆರೆಯ ಹೊಂಡುರಾಸಿನೊಡನೆ ನಡೆದ ನಾಲ್ಕು ದಿನಗಳ ಯುದ್ಧಕ್ಕೆ ಲೋಕವು ಕಾಲ್ಚೆಂಡಿನ ಯುದ್ಧವೆಂದೇ ಹೆಸರಿಟ್ಟಿದೆ. ಯುದ್ಧದ ನಿಜವಾದ ಕಾರಣ ಜಮೀನು ಮತ್ತು ವಲಸೆಗಾರರ ತಕರಾರು. ವಿಶ್ವಕಪ್ಪಿನ ಅರ್ಹತೆಯ ಪಂದ್ಯಗಳು ಬರಿಯ ಕಿಡಿ. ಅದೇ ದೇಶವು 1982ರ ವಿಶ್ವಕಪ್ಪಿನಲ್ಲಿ ಹಂಗೆರಿಗೆ 10-1ರಿಂದ ಸೋತು ಅವಮಾನಕ್ಕೀಡಾಯಿತು. ಇವೆಲ್ಲಕ್ಕಿಂತ ಘೋರವಾದುದು 2013ರಲ್ಲಿ ನಡೆಯಿತು. ಹಣಕ್ಕಾಗಿ ಪಂದ್ಯಗಳನ್ನು ಮಾರಿಕೊಂಡ ಅಪರಾಧಕ್ಕೆ ರಾಷ್ಟ್ರತಂಡದ ಹದಿನಾಲ್ವರು ಆಟಗಾರರು ಜೀವಾವಧಿ ಬಹಿಷ್ಕಾರಕ್ಕೆ ಒಳಗಾದರು. ಒಂದು ಸಣ್ಣ ದೇಶದಲ್ಲಿ ಹದಿನಾಲ್ವರು ಹೋದ ಮೇಲೆ ಉಳಿಯುವುದೇನು? ಜನರ ನಂಬಿಕೆಯೂ ಅವರೊಡನೆಯೇ ಹೋಯಿತು. ಅಂತಹ ಹಾಳು ಮನೆಯನ್ನು ಗುಡಿಸಿ ದೀಪ ಹಚ್ಚುವ ಕೆಲಸ ರೋಕಾ ಅವರ ಪಾಲಿಗೆ ಬಂದಿತು. 2015ರ ಗೋಲ್ಡ್ ಕಪ್ಪಿನಲ್ಲಿ ಅವರ ಹುಡುಗರು ಕೆನಡಾದೊಡನೆಯೂ ಕೋಸ್ಟರಿಕದೊಡನೆಯೂ ಸಮನಾಗಿ ಆಡಿ, ಜಮೈಕಕ್ಕೆ ಒಂದೇ ಗೋಲಿನಿಂದ ಸೋತು ಹೊರಬಿದ್ದರು. ಅಂಕಿಗಳನ್ನು ನೋಡುವವರಿಗೆ ಇದು ಅಲ್ಪವಾಗಿ ಕಂಡೀತು. ಹಿಂದಿನ ವರ್ಷ ಬ್ರೆಜಿಲಿನ ವಿಶ್ವಕಪ್ಪಿನಲ್ಲಿ ಎಂಟರ ಹಂತದವರೆಗೆ ಹೋಗಿದ್ದ ಕೋಸ್ಟರಿಕವನ್ನು ಈ ಮುರಿದ ತಂಡ ತಡೆದು ನಿಲ್ಲಿಸಿತೆಂಬುದನ್ನು ನಾವು ಅಲ್ಪವೆಂದು ಎಣಿಸಲಾರೆವು.

2016ರ ಜುಲೈ ತಿಂಗಳಲ್ಲಿ ರೋಕಾ ಬೆಂಗಳೂರಿಗೆ ಬಂದರು. ಬೆಂಗಳೂರು ಕ್ಲಬ್ಬು ಆಗ ಮೂರು ವರ್ಷದ ಕೂಸು. ಆದರೂ ಇಂಗ್ಲೆಂಡಿನ ಶ್ರೀ ಆಶ್ಲಿ ವೆಸ್ಟ್‌ವುಡ್ ಅವರ ಕೈಯಲ್ಲಿ ಎರಡು ಸಲ ರಾಷ್ಟ್ರದ ಲೀಗನ್ನು ಗೆದ್ದಿತ್ತು. ಅವರು ಕಲಿಸಿದುದು ಮೈಕಸುವಿನ, ಕಟ್ಟುನಿಟ್ಟಿನ ಆಟ. ರೋಕಾ ಅವರು ಅದರ ಮೇಲೆ ಇನ್ನೊಂದನ್ನು ಕೂಡಿಸಿದರು: ಚೆಂಡನ್ನು ಹೆದರದೆ ಹಿಂದಿನಿಂದಲೇ ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಮುಂದಕ್ಕೆ ಕೊಂಡೊಯ್ಯುವುದು. ಕಷ್ಟ ಬಂದಾಗ ಚೆಂಡನ್ನು ಆಕಾಶಕ್ಕೆ ಒದ್ದು ದೇವರ ಮೇಲೆ ಭಾರ ಹಾಕುವುದು ನಮ್ಮವರ ಹಳೆಯ ರೂಢಿ. ಆ ರೂಢಿಯನ್ನು ಬಿಡಿಸುವುದು ಸುಲಭದ ಮಾತಲ್ಲ.

ಆ ವರ್ಷದ ಅಕ್ಟೋಬರ್ 19ರ ಸಂಜೆಯನ್ನು ಕಂಠೀರವ ಕ್ರೀಡಾಂಗಣದಲ್ಲಿದ್ದವರು ಮರೆಯಲಾರರು. ಏಷ್ಯದ ಎ.ಎಫ್.ಸಿ. ಕಪ್ಪಿನ ಉಪಾಂತ್ಯ ಪಂದ್ಯ. ಎದುರಾಳಿ ಹಿಂದಿನ ವರ್ಷದ ವಿಜೇತರಾದ ಮಲೇಷಿಯದ ಜೋಹರ್ ತಂಡ. ಮೊದಲು ಗೋಲು ಬಿಟ್ಟುಕೊಟ್ಟುದು ನಮ್ಮವರೇ. ಆಮೇಲೆ ನಾಯಕ ಸುನೀಲ್ ಛೇತ್ರಿ ಎರಡು, ಸ್ಪೇನಿನ ಹುವಾನನ್ ಒಂದು ಗೋಲು ಹೊಡೆದು 3-1ರಿಂದ ಗೆದ್ದರು. ಭಾರತದ ಯಾವ ಕ್ಲಬ್ಬೂ ಅದುವರೆಗೆ ಆ ಸ್ಪರ್ಧೆಯ ಅಂತಿಮ ಪಂದ್ಯವನ್ನು ಮುಟ್ಟಿರಲಿಲ್ಲ. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುದಳದ ತಂಡಕ್ಕೆ 1-0ರಿಂದ ಸೋಲಾಯಿತು. ಮುಖ್ಯ ಗೋಲಿಯಾದ ಅಮರಿಂದರ್ ಸಿಂಗ್ ಅಮಾನತಿನಿಂದ ಆಡುವಂತಿರಲಿಲ್ಲ. ಆತನ ಬದಲು ನಿಂತ ರಾಲ್ಟೆಯೂ ಸಾಹಸದಿಂದಲೇ ಕಾದನು. ಕಲ್ಕತ್ತೆ, ಗೋವೆಗಳ ಹಳೆಯ ಮನೆತನಗಳಿಗೆ ದೊರೆಯದ ಮರ್ಯಾದೆ ಬೆಂಗಳೂರಿಗೆ ದೊರೆಯಿತೆಂದು ನಾವು ಹೆಮ್ಮೆಪಟ್ಟರೆ ಅದು ಅತಿಶಯೋಕ್ತಿಯಲ್ಲ.

ಮರುವರ್ಷ ಕಟಕದಲ್ಲಿ ಮೋಹನ್ ಬಾಗಾನ್ ತಂಡವನ್ನು ಹೆಚ್ಚುವರಿ ವೇಳೆಯಲ್ಲಿ 2-0ರಿಂದ ಸೋಲಿಸಿ ಫೆಡರೇಷನ್ ಕಪ್ಪು ಬಂದಿತು. ಅದೇ 2017ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹುಡುಗರು ಉತ್ತರ ಕೊರಿಯದ ರಾಜಧಾನಿಗೆ ಹೋಗಿ, ಅಲ್ಲಿಯ ಸೈನ್ಯದ ತಂಡದೊಡನೆ ಗೋಲಿಲ್ಲದೆ ಸಮನಾಗಿ ಆಡಿ, ತವರಿನಲ್ಲಿ ಗಳಿಸಿದ್ದ 3-0 ಜಯವನ್ನು ಕಾಪಾಡಿಕೊಂಡು ಬಂದರು. ಮುಂದಿನ ಹಂತದಲ್ಲಿ ತಜಿಕಿಸ್ತಾನದವರಿಗೆ ಸೋತರು. 2017-18ರ ಇಂಡಿಯನ್ ಸೂಪರ್ ಲೀಗಿನಲ್ಲಿ ಹದಿನೆಂಟು ಪಂದ್ಯಗಳಿಂದ 40 ಅಂಕ ಗಳಿಸಿ ಮೊದಲನೆಯವರಾದರೂ, ಮಾರ್ಚ್ 17ರಂದು ಕಂಠೀರವದಲ್ಲೇ ನಡೆದ ಅಂತಿಮ ಪಂದ್ಯದಲ್ಲಿ ಚೆನ್ನೈ ತಂಡಕ್ಕೆ 3-2ರಿಂದ ಶರಣಾದರು. ಎರಡು ಗೋಲುಗಳು ಮೂಲೆಯ ಒದೆತದಿಂದ, ಒಬ್ಬನೇ ಮನುಷ್ಯನ ತಲೆಯಿಂದ ಬಂದುವು! ಇಷ್ಟು ನಯವಾಗಿ ಆಡುವ ತಂಡ ಎತ್ತರದ ಚೆಂಡಿಗೆ ಹೀಗೆ ತಬ್ಬಿಬ್ಬಾಗಬಹುದೆ ಎಂದು ಆ ರಾತ್ರಿ ಊರಿಗೆ ಊರೇ ಕೇಳಿತು. ಇದು ರೋಕಾ ಅವರ ಶಿಕ್ಷಣದ ಒಂದು ನ್ಯೂನತೆಯೆಂಬುದನ್ನು ಅವರ ಅಭಿಮಾನಿಗಳೂ ಒಪ್ಪಬೇಕು. ಏಪ್ರಿಲಿನಲ್ಲಿ ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ತಂಡವನ್ನು 4-1ರಿಂದ ಮುರಿದು ಸೂಪರ್ ಕಪ್ಪನ್ನು ತಂದುಕೊಟ್ಟು ಅವರು ಸಂಸಾರದ ಕಾರಣದಿಂದ ಸ್ವದೇಶಕ್ಕೆ ಹೊರಟರು.

ಇನ್ನು ಮುಖ್ಯವಾದ ಪ್ರಶ್ನೆ. ಅತಿಥಿಯು ಹೋದ ಮೇಲೆ ಮನೆಯಲ್ಲಿ ಉಳಿದುದೇನು?

ರೋಕಾ ಅವರ ಸ್ಥಾನಕ್ಕೆ ಬಂದವರು ಅವರ ಸಹಾಯಕರಾಗಿದ್ದ ಶ್ರೀ ಕಾರ್ಲೆಸ್ ಕ್ವಾಡ್ರಾಟ್. ಅವರೂ ಸ್ಪೇನಿನವರೇ. 2019ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ಗೋವೆಯನ್ನು ಒಂದು ಗೋಲಿನಿಂದ ಸೋಲಿಸಿ, ಗುರುವಿಗೆ ತಪ್ಪಿದ ಲೀಗಿನ ಕಿರೀಟವನ್ನು ಅವರು ಬೆಂಗಳೂರಿಗೆ ತಂದರು. ಸಂತೋಷದ ವಿಷಯವೇ. ಆದರೆ ಗಮನಿಸಬೇಕಾದುದೇನೆಂದರೆ, ವಿದ್ಯೆಯು ಬೆಂಗಳೂರಿನಲ್ಲಿ ಸ್ಪೇನಿನವರ ಕೈಯಿಂದ ಸ್ಪೇನಿನವರ ಕೈಗೆ ದಾಟಿತು; ನಾವು ಅದನ್ನು ನೋಡಿ ಚಪ್ಪಾಳೆ ತಟ್ಟಿದೆವು. 2021ರ ಜನವರಿಯಲ್ಲಿ ಕ್ವಾಡ್ರಾಟ್ ಹೋದಾಗ ನಮ್ಮವರಾದ ಶ್ರೀ ನೌಷಾದ್ ಮೂಸಾ ಅವರಿಗೆ ತಂಡವನ್ನು ಕೆಲವು ವಾರಗಳ ಮಟ್ಟಿಗೆ ಒಪ್ಪಿಸಲಾಯಿತು. ಅನಂತರ ಜರ್ಮನಿಯಿಂದ ಒಬ್ಬರು, ಇಂಗ್ಲೆಂಡಿನಿಂದ ಒಬ್ಬರು, 2023ರ ಡಿಸೆಂಬರಿನಲ್ಲಿ ಪುನಃ ಸ್ಪೇನಿನಿಂದ ಒಬ್ಬರು. ಮನೆಯ ಮಗನು ಹೊಸ ಯಜಮಾನನು ಬರುವವರೆಗೆ ಬೀಗದ ಕೈಯನ್ನು ಇಟ್ಟುಕೊಂಡಿರುವ ಕಾವಲುಗಾರನಂತಾದನು!

ಇದರ ಅಪರಾಧವನ್ನು ರೋಕಾ ಅವರ ಮೇಲೆ ಹೊರಿಸುವುದು ಅನ್ಯಾಯ. ಅವರು ಕರಾರಿನಂತೆ ಕೆಲಸ ಮಾಡಿ ಕೂಲಿ ತೆಗೆದುಕೊಂಡರು. ಕೂಲಿಗಿಂತ ಹೆಚ್ಚಾಗಿಯೇ ಕೊಟ್ಟರು. 2020ರಲ್ಲಿ ಹೈದರಾಬಾದಿನ ಕ್ಲಬ್ಬು ಅವರನ್ನು ಮುಖ್ಯ ತರಬೇತುಗಾರರನ್ನಾಗಿ ನೇಮಿಸಿಕೊಂಡಿತು. ಆಗಸ್ಟಿನಲ್ಲಿ ಶ್ರೀ ಕೂಮನ್ ಅವರ ಹೊಸ ಮಂಡಲಿಯಲ್ಲಿ ಆಟಗಾರರ ದೇಹದಾರ್ಢ್ಯವನ್ನು ನೋಡಿಕೊಳ್ಳುವ ಕೆಲಸಕ್ಕೆ ಬಾರ್ಸಿಲೋನಾದಿಂದ ಕರೆ ಬಂದಿತು. ಒಂದು ಪಂದ್ಯವನ್ನೂ ಆಡಿಸುವ ಮೊದಲೇ, ಕ್ಲಬ್ಬಿನ ಒಪ್ಪಿಗೆ ಪಡೆದು ಅವರು ಹೊರಟುಹೋದರು. ಇಲ್ಲಿಯ ಯಜಮಾನಿಕೆಗಿಂತ ಅಲ್ಲಿಯ ಸಹಾಯಕನ ಕೆಲಸ ಅವರಿಗೆ ಮೇಲಾಗಿ ಕಂಡಿತು. ತವರಿನ ಕರೆಯನ್ನು ಯಾವ ಕೆಟಲನನು ನಿರಾಕರಿಸಿಯಾನು? ಸಂಚಾರಿಯಾದ ಗುರುವಿನ ಮನಸ್ಸು ಒಂದು ಕಣ್ಣಿನಿಂದ ದಾರಿಯನ್ನೇ ನೋಡುತ್ತಿರುತ್ತದೆ. ಕರೆಸಿಕೊಂಡವರು ಇದನ್ನು ತಿಳಿದೇ ಕರೆಸಿಕೊಳ್ಳಬೇಕು.

ಹೈದರಾಬಾದಿನ ಹೆಸರು ಬಂದಾಗ ಇನ್ನೊಬ್ಬರನ್ನು ನೆನೆಯದಿರುವುದು ಸಾಧ್ಯವಿಲ್ಲ. ಉಪಾಧ್ಯಾಯರಾಗಿದ್ದ ಸಯ್ಯದ್ ಅಬ್ದುಲ್ ರಹೀಮ್ ಸಾಹೇಬರು ಆ ಊರಿನವರು. 1951ರಲ್ಲಿಯೂ 1962ರಲ್ಲಿಯೂ ಏಷ್ಯದ ಕ್ರೀಡೆಗಳಲ್ಲಿ ಭಾರತಕ್ಕೆ ಚಿನ್ನ ದೊರಕಿಸಿ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನಕ್ಕೆ ಕೊಂಡೊಯ್ದವರು ಅವರು. ಅದಕ್ಕೂ ಮೊದಲು, 1948ರಲ್ಲಿ ಲಂಡನ್ನಿನಲ್ಲಿ ಬಹುಮಟ್ಟಿಗೆ ಬರಿಗಾಲಿನಲ್ಲಿ ಆಡಿದ ಭಾರತ ತಂಡದ ಪರವಾಗಿ ಫ್ರಾನ್ಸಿನ ಮೇಲೆ ಏಕಮಾತ್ರ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಮೈಸೂರು ಸೀಮೆಯ ಆಟಗಾರರು. ಹೀಗಿರಲು, ಸ್ವದೇಶೀಯರಿಗೆ ಬುದ್ಧಿಯಿಲ್ಲವೆಂಬ ಮಾತು ಶುದ್ಧ ಅಜ್ಞಾನ. ಆದರೆ ಸ್ವದೇಶಾಭಿಮಾನದ ಹೆಸರಿನಲ್ಲಿ ಬಾಗಿಲು ಮುಚ್ಚಬೇಕೆನ್ನುವವರೊಡನೆಯೂ ನಾವಿಲ್ಲ. ರಹೀಮ್ ಸಾಹೇಬರು 1963ರಲ್ಲಿ ತೀರಿಹೋದ ಮೇಲೆ ಲೋಕದ ಆಟ ನಡೆದ ದೂರ ಬಹಳ. ಅದನ್ನು ಬಲ್ಲವರಿಂದ ಕಲಿಯದೆ ಹಳೆಯ ಪದಕಗಳನ್ನು ಉಜ್ಜುತ್ತ ಕೂತರೆ ಯಾರಿಗೆ ನಷ್ಟ?

ರಾಷ್ಟ್ರತಂಡದ ಕಥೆಯೂ ಹೀಗೆಯೇ. ಇಂಗ್ಲೆಂಡಿನವರೊಬ್ಬರು, ಕ್ರೊಯೇಷಿಯದವರೊಬ್ಬರು, ಬಳಿಕ 2024ರಲ್ಲಿ ಸ್ಪೇನಿನ ಶ್ರೀ ಮನೊಲೊ ಮಾರ್ಕೆಸ್. ಇವರು ಹೈದರಾಬಾದಿನಲ್ಲಿ ರೋಕಾ ಬಿಟ್ಟುಹೋದ ಪೀಠವನ್ನೇರಿ 2022ರಲ್ಲಿ ಲೀಗು ಗೆದ್ದವರು. ರಾಷ್ಟ್ರತಂಡದಲ್ಲಿ ಮಾತ್ರ ಎಂಟು ಪಂದ್ಯಗಳಲ್ಲಿ ಒಂದನ್ನು ಗೆದ್ದು 2025ರಲ್ಲಿ ನಿರ್ಗಮಿಸಿದರು. ಆ ಆಗಸ್ಟಿನಲ್ಲಿ ಶ್ರೀ ಖಾಲಿದ್ ಜಮೀಲ್ ಅವರಿಗೆ ಪಟ್ಟವಾಯಿತು. 2017ರಲ್ಲಿ ಮಿಜೋರಮಿನ ಐಜ್ವಾಲ್ ಎಂಬ ಬಡ ಕ್ಲಬ್ಬಿನಿಂದ ರಾಷ್ಟ್ರದ ಲೀಗನ್ನು ಗೆಲ್ಲಿಸಿದವರು ಇವರೇ. ರೋಕಾ ಅವರ ಬೆಂಗಳೂರು ಆ ವರ್ಷ ನಾಲ್ಕನೆಯದಾಗಿತ್ತೆಂಬುದನ್ನು ಪರದೇಶಪೂಜಕರು ಟಿಪ್ಪಣಿ ಮಾಡಿಕೊಳ್ಳಲಿ. ಜಮೀಲರೂ ಮಾಂತ್ರಿಕರಲ್ಲ. ಅಕ್ಟೋಬರಿನಲ್ಲಿ ಗೋವೆಯಲ್ಲಿ ಸಿಂಗಪುರಕ್ಕೆ ಸೋತು 2027ರ ಏಷ್ಯ ಕಪ್ಪಿನ ಬಾಗಿಲು ನಮಗೆ ಮುಚ್ಚಿತು. ಗೋಲು ಹೊಡೆಯುವ ಜಾಗಕ್ಕೆ ಕ್ಲಬ್ಬುಗಳೆಲ್ಲ ಪರದೇಶದ ಆಟಗಾರರನ್ನೇ ತಂದು ನಿಲ್ಲಿಸುತ್ತಿರುವಾಗ, ರಾಷ್ಟ್ರತಂಡಕ್ಕೆ ಗೋಲು ಹೊಡೆಯುವವರು ಎಲ್ಲಿಂದ ಬರಬೇಕು? ನಲವತ್ತರ ವಯಸ್ಸಿನಲ್ಲಿ ಛೇತ್ರಿಯವರನ್ನು ನಿವೃತ್ತಿಯಿಂದ ಹಿಂದಕ್ಕೆ ಕರೆಯಬೇಕಾದುದು ಇದರ ಫಲ.

ಕರ್ನಾಟಕದಲ್ಲಿ ಬೀಜವಿಲ್ಲವೆಂದಲ್ಲ. 2023ರ ಮಾರ್ಚಿನಲ್ಲಿ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ನಮ್ಮ ರಾಜ್ಯ ಸಂತೋಷ್ ಟ್ರೋಫಿಯನ್ನು ಗೆದ್ದಿತು; ಅದಕ್ಕೆ ಮುಂಚಿನ ಗೆಲುವು ಐವತ್ತನಾಲ್ಕು ವರ್ಷ ಹಿಂದೆ, ರಾಜ್ಯಕ್ಕೆ ಮೈಸೂರೆಂಬ ಹೆಸರಿದ್ದಾಗ. ಪೆಲೆಯವರ ಪ್ರತಿಮೆಯನ್ನು ನಿಲ್ಲಿಸಿಕೊಂಡಿರುವ ಗೌತಮಪುರದಲ್ಲಿ, ಆಸ್ಟಿನ್ ಟೌನಿನಲ್ಲಿ, ಕೋಲಾರದ ಗಣಿಗಳ ಬಡಾವಣೆಗಳಲ್ಲಿ ಈ ಆಟ ತಲೆತಲಾಂತರದಿಂದ ಬಂದುದು.

ಆದುದರಿಂದ ನಾವು ಕೇಳುವುದಿಷ್ಟು. ಕ್ಲಬ್ಬುಗಳು ಪರದೇಶದ ಗುರುವನ್ನು ಕರೆಸುವುದಾದರೆ, ಆತನ ಜೊತೆಗೆ ಇಬ್ಬರು ನಮ್ಮವರನ್ನು ಶಿಷ್ಯರನ್ನಾಗಿ ನಿಲ್ಲಿಸಬೇಕೆಂಬುದನ್ನು ಕರಾರಿನಲ್ಲಿಯೇ ಬರೆಯಬೇಕು. ಚೀಲ ಹೊರುವುದು ಆ ಶಿಷ್ಯರ ಕೆಲಸವಾಗಬಾರದು; ಒಂದಾದರೂ ಸ್ಪರ್ಧೆಯ ಪೂರ್ಣ ಹೊಣೆಯನ್ನು ಅವರಿಗೆ ವಹಿಸಬೇಕು. ಅತಿಥಿಯು ಬೆಂಗಳೂರನ್ನು ಬಿಟ್ಟು ಧಾರವಾಡಕ್ಕೂ ಮಂಗಳೂರಿಗೂ ವರ್ಷಕ್ಕೊಮ್ಮೆಯಾದರೂ ಹೋಗಿ ಅಲ್ಲಿಯ ವ್ಯಾಯಾಮದ ಉಪಾಧ್ಯಾಯರಿಗೆ ಪಾಠ ಹೇಳಬೇಕು. ಮೊದಲ ದರ್ಜೆಯ ತಂಡವನ್ನು ನಡೆಸಲು ಏಷ್ಯ ಮಂಡಲಿಯ ಪ್ರೊ ಪರವಾನಗಿ ಬೇಕು. ಅದರ ವ್ಯಾಸಂಗದ ವೆಚ್ಚವನ್ನು ಕೋಲಾರದ ಒಬ್ಬ ಹಳೆಯ ಆಟಗಾರನು ತನ್ನ ಕೈಯಿಂದ ಭರಿಸಲಾರನು. ಪ್ರತಿವರ್ಷ ನಾಲ್ಕು ಮಂದಿಯನ್ನು ಆರಿಸಿ ಕಳುಹಿಸುವ ವೆಚ್ಚವನ್ನು ರಾಜ್ಯದ ಫುಟ್‌ಬಾಲ್ ಸಂಸ್ಥೆಯೂ ಸರ್ಕಾರದ ಕ್ರೀಡಾ ಇಲಾಖೆಯೂ ಅರ್ಧರ್ಧ ಹಂಚಿಕೊಳ್ಳಬಹುದು. ಇಲಾಖೆಯ ಅಧಿಕಾರಿಗಳಲ್ಲಿ ನಮ್ಮ ವಾಚಕರು ಹಲವರಿದ್ದಾರೆ. ಮುಂದಿನ ಬಜೆಟ್ಟಿನ ಅಂದಾಜು ಪಟ್ಟಿ ಸಿದ್ಧವಾಗುವುದಕ್ಕೆ ಮುಂಚೆಯೇ ಅವರು ಈ ಒಂದು ಬಾಬನ್ನು ಅದರಲ್ಲಿ ಸೇರಿಸಬೇಕೆಂದು ಕೋರುತ್ತೇವೆ.