ಸರ್ವಜ್ಞನ ಅರಿವೂ ಜೀವನ ಹೊಣೆಯೂ

ಈಶ್ವರನು ಸರ್ವಜ್ಞನಷ್ಟೆ, ನಾಳೆ ಮನುಷ್ಯನು ಮಾಡತಕ್ಕ ಕಾರ್ಯವು ಅವನಿಗೆ ಇಂದೇ ವಿದಿತವು, ಅವನ ಜ್ಞಾನವು ಸುಳ್ಳಾಗಲಾರದು, ಅಂದಮೇಲೆ ಮನುಷ್ಯನು ಬೇರೆ ರೀತಿಯಾಗಿ ನಡೆಯುವುದು ಅಸಾಧ್ಯ, ಅಸಾಧ್ಯವಾದುದಕ್ಕೆ ಅವನನ್ನು ಹೊಣೆಮಾಡುವುದು ಅನ್ಯಾಯ. ಹೀಗೆಂದು ಜಗಲಿಯ ಮೇಲೆ ಕುಳಿತು ವಾದಿಸುವ ವೇದಾಂತಿಗಳಿಗೆ ಯಾವ ಊರಿನಲ್ಲಿಯೂ ಕೊರತೆಯಿಲ್ಲ. ಮಗುವಿನ ಜ್ವರವು ಏರುತ್ತಿರಲು ವೈದ್ಯನನ್ನು ಕರೆಯಿಸದೆ ಎರಡು ದಿನ ಕಳೆದ ಯಜಮಾನನು, ಅನಾಹುತವಾದ ಬಳಿಕ ಈಶ್ವರಸಂಕಲ್ಪವೆಂದು ನಿಟ್ಟುಸಿರುಬಿಡುವನು. ಆದರೆ ಅದೇ ಮಹಾಶಯನ ಗದ್ದೆಗೆ ನೆರೆಯವನ ಎತ್ತು ನುಗ್ಗಿತೆನ್ನಿ: ಆ ನುಗ್ಗಾಟವೂ ಅನಾದಿಯಿಂದ ಈಶ್ವರನಿಗೆ ತಿಳಿದದ್ದೇ ಎಂಬ ತತ್ತ್ವವು ಆಗ ಅವನ ನೆನಪಿಗೆ ಬಾರದು, ನೆಟ್ಟಗೆ ನ್ಯಾಯಸ್ಥಾನಕ್ಕೆ ಹೋಗುವನು.

ವಾದಿಯ ನಡತೆ ಹೇಗೆಯೇ ಇರಲಿ, ವಾದಕ್ಕೆ ಉತ್ತರ ಬೇಕಷ್ಟೆ. ಸಾಮಾನ್ಯವಾಗಿ ಕೊಡುವ ಉತ್ತರವು ಪಂಚಾಂಗದ್ದು. ಪಂಚಾಂಗವು ಗ್ರಹಣವನ್ನು ಮೊದಲೇ ತಿಳಿಸಿದರೂ ಗ್ರಹಣವನ್ನು ಉಂಟುಮಾಡದು. ಹಾಗೆಯೇ ಈಶ್ವರನ ಅರಿವು ಕರ್ಮಕ್ಕೆ ಕಾರಣವಲ್ಲವೆನ್ನುವರು. ಇದು ಅರ್ಧಕ್ಕೇ ನಿಲ್ಲುವ ಉತ್ತರ. ಗ್ರಹಣವು ಮೊದಲೇ ತಿಳಿಯುವುದು ಸೂರ್ಯಚಂದ್ರರ ಗತಿ ಕಟ್ಟುಬಿದ್ದಿರುವುದರಿಂದಲೇ. ಮನುಷ್ಯನ ಕರ್ಮವನ್ನೂ ಈಶ್ವರನು ಗಣಿತದಿಂದ ತಿಳಿಯುವನೆಂದರೆ, ಮನುಷ್ಯನೂ ಒಂದು ಗ್ರಹಣವಾದಂತೆಯೇ ಸರಿ!

ಆರನೆಯ ಶತಮಾನದ ಆದಿಯಲ್ಲಿ ಇಟಲಿಯ ಬೊಯೆಥಿಯಸ್ ಎಂಬ ಪಂಡಿತನು ಮರಣದಂಡನೆಗೆ ಮುನ್ನ ಸೆರೆಯಲ್ಲಿದ್ದುಕೊಂಡು ಈ ಪ್ರಶ್ನೆಯನ್ನೇ ಚರ್ಚಿಸಿದನು. ಅವನು ತೋರಿದ ದಾರಿ ಇದಕ್ಕಿಂತ ಮೇಲು. ಈಶ್ವರನು ಕಾಲದೊಳಗಿದ್ದು ಮುಂದನ್ನು ಊಹಿಸುವವನಲ್ಲ. ಮೂರು ಕಾಲವೂ ಅವನಿಗೆ ಕಣ್ಣೆದುರಿನ ವರ್ತಮಾನವೇ. ಒಬ್ಬನು ನಡೆಯುವುದನ್ನು ಮತ್ತೊಬ್ಬನು ನೋಡಿದರೆ, ನೋಡಿದ್ದು ನಿಜವಾದ ಪಕ್ಷದಲ್ಲಿ ನಡೆದದ್ದೂ ನಿಜವಾಗಲೇಬೇಕು. ಆದರೆ ಆ ನೋಟವು ಅವನ ಕಾಲನ್ನು ಎಳೆಯಲಿಲ್ಲ.

ವೇದಾಂತಿಗೆ ಇಷ್ಟು ಸಾಲದು. ಅವನ ಈಶ್ವರನು ಬರಿಯ ಸಾಕ್ಷಿಯಲ್ಲ, ಒಳಗಿದ್ದು ಮಾಡಿಸುವ ಅಂತರ್ಯಾಮಿ. ಈ ತೊಡಕನ್ನು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದವು ಮರೆಮಾಚಲಿಲ್ಲ. ಜೀವನು ಕರ್ತೃವಲ್ಲದಿದ್ದರೆ ಶಾಸ್ತ್ರವೇ ನಿರರ್ಥಕವೆಂದು ಮೊದಲು ಹೇಳಿ, ಆ ಕರ್ತೃತ್ವವು ಪರಮಾತ್ಮನಿಂದಲೇ ಬಂದುದೆಂದು ಆಮೇಲೆ ಸಾಧಿಸಿ, ಕೂಡಲೇ ಅದಕ್ಕೊಂದು ಕಡಿವಾಣವನ್ನೂ ಹಾಕಿದೆ: ಪರಮಾತ್ಮನು ಮಾಡಿಸುವುದು ಜೀವನ ಪ್ರಯತ್ನವನ್ನು ಅಪೇಕ್ಷಿಸಿಯೇ, ಅನ್ಯಥಾ ವಿಧಿನಿಷೇಧಗಳು ವ್ಯರ್ಥವಾಗುವುವು. ಶಂಕರಾಚಾರ್ಯರು ಇಲ್ಲಿ ಮಳೆಯ ದೃಷ್ಟಾಂತವನ್ನು ಕೊಡುತ್ತಾರೆ. ಮಳೆ ಎಲ್ಲಕ್ಕೂ ಒಂದೇ, ಪೈರಿನ ಭೇದವು ಬೀಜದಿಂದ. ಮಧ್ವಾಚಾರ್ಯರಿಗೆ ಜೀವನ ಕರ್ತೃತ್ವವು ಪರತಂತ್ರವೇ, ಆದರೂ ಮಿಥ್ಯೆಯಲ್ಲ. ಕರ್ತೃತ್ವದ ಸ್ವರೂಪದಲ್ಲಿ ಇಬ್ಬರಿಗೂ ಆಕಾಶಭೂಮಿಯ ಅಂತರವುಂಟು. ವಿಧಿನಿಷೇಧಗಳನ್ನು ನೀರಿಗೆ ಬಿಡಲು ಮಾತ್ರ ಇಬ್ಬರೂ ಒಪ್ಪರು. ಆ ಬೀಜವು ಎಲ್ಲಿಂದ ಬಂದಿತೆಂದು ಕೇಳಿದರೆ ಸಂಸಾರವು ಅನಾದಿಯೆಂಬ ಸಮಾಧಾನವಿದೆ. ಅದು ಪ್ರಶ್ನೆಯನ್ನು ತೀರಿಸುವುದಕ್ಕಿಂತ ಹಿಂದಕ್ಕೆ ತಳ್ಳುವುದೇ ಹೆಚ್ಚೆಂದು ಪ್ರಾಮಾಣಿಕನಾದವನು ಒಪ್ಪಬೇಕು. ಆದರೆ ಈ ಕೊರತೆಯು ಸೋಮಾರಿಗೆ ಕೊಟ್ಟ ರಹದಾರಿಯಲ್ಲ.

ಭೂತಭವಿಷ್ಯದ್ವರ್ತಮಾನಗಳ ಜೀವಿಗಳೆಲ್ಲರನ್ನೂ ಬಲ್ಲೆನೆಂದು ಗೀತೆಯ 7ನೆಯ ಅಧ್ಯಾಯದಲ್ಲಿ ಹೇಳಿಕೊಂಡ ಶ್ರೀಕೃಷ್ಣನೇ, 18ನೆಯ ಅಧ್ಯಾಯದ 61ನೆಯ ಶ್ಲೋಕದಲ್ಲಿ, ಈಶ್ವರನು ಎಲ್ಲರ ಹೃದಯದಲ್ಲಿದ್ದು ಯಂತ್ರವನ್ನೇರಿದವರಂತೆ ಅವರನ್ನು ತಿರುಗಿಸುವನೆನ್ನುತ್ತಾನೆ. ಜಗಲಿಯ ವೇದಾಂತಿಗೆ ಈ ಶ್ಲೋಕವು ಕಂಠಪಾಠ. ಅಲ್ಲಿಂದ ಮುಂದಣ ಎರಡನೆಯ ಶ್ಲೋಕಕ್ಕೇ ಅದೇ ಶ್ರೀಕೃಷ್ಣನು, ಹೇಳಬೇಕಾದುದನ್ನು ಹೇಳಿಯಾಯಿತು, ಚೆನ್ನಾಗಿ ವಿಮರ್ಶಿಸಿ ಇಷ್ಟಬಂದಂತೆ ಮಾಡೆಂದು ಅರ್ಜುನನಿಗೆ ಬಿಡುತ್ತಾನೆ. ಸರ್ವಜ್ಞನಾದವನು ಅರ್ಜುನನ ನಿರ್ಧಾರವನ್ನು ಅರಿಯದೆ ಹೀಗೆಂದನೆ? ಅರಿತೂ ಬಿಟ್ಟುಕೊಟ್ಟನು. ಅರ್ಜುನನಾದರೂ, ಹೇಗೂ ನಿನಗೆ ತಿಳಿದೇ ಇದೆಯಲ್ಲ ಎಂದು ರಥದಲ್ಲಿ ಕುಳಿತುಬಿಡಲಿಲ್ಲ; 73ನೆಯ ಶ್ಲೋಕದಲ್ಲಿ, ಸಂದೇಹ ಕಳೆದು ನಿಂತಿದ್ದೇನೆ, ನೀನೆಂದಂತೆ ಮಾಡುವೆನೆಂದು ತನ್ನ ಬಾಯಿಂದಲೇ ಉತ್ತರಕೊಟ್ಟನು.