ಹೊರಡುವವನ ಬೆನ್ನಿಗೆ ಬೀಳುವ ಏಟು

ಚಕ್ರವ್ಯೂಹದ ಪ್ರಸಂಗವನ್ನು ಕಂಡ ಮಕ್ಕಳಿಗೆ ಅಭಿಮನ್ಯುವಿನ ಸಂಕಟ ಗೊತ್ತು. ಒಳಹೊಗುವ ಬಗೆ ಅವನಿಗೆ ತಿಳಿದಿತ್ತು, ಹೊರಬರುವ ಬಗೆ ತಿಳಿದಿರಲಿಲ್ಲ. ಯುದ್ಧವನ್ನು ಮೇಜಿನ ಮೇಲಿನ ಆಟವಾಗಿಸಿದವರೂ ಇದೇ ತೊಡಕನ್ನು ನಿಯಮಗಳಲ್ಲಿ ಬಿಡಿಸಬೇಕಾಯಿತು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತೃಗಳು. ಕಾಗದ, ಪೆನ್ಸಿಲು, ದಾಳಗಳಿದ್ದರೆ ಆಟಕ್ಕೆ ಸಾಕು. ಪ್ರತಿಯೊಬ್ಬನೂ ಒಂದು ಪಾತ್ರದ ಪರವಾಗಿ ಮಾತನಾಡುತ್ತಾನೆ; ‘ಡಂಜನ್ ಮಾಸ್ಟರ್’ ಎನಿಸಿಕೊಂಡವನು ಶತ್ರುಗಳನ್ನೂ ಸನ್ನಿವೇಶವನ್ನೂ ನಡೆಸುತ್ತಾನೆ. ತಾಳಮದ್ದಳೆಯನ್ನು ಕೇಳಿ ಬೆಳೆದವರಿಗೆ ವೇಷವಿಲ್ಲದೆ ಮಾತಿನಲ್ಲಿಯೇ ಪಾತ್ರವಾಗುವ ಈ ಕ್ರಮ ಹೊಸದೆನಿಸದು. ಆದರೆ ಇಲ್ಲಿ ಕಥೆಯ ಕೊನೆ ಯಾರಿಗೂ ಗೊತ್ತಿಲ್ಲ. ಏಟು ತಗುಲಿತೇ ತಪ್ಪಿತೇ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ.

2014ರ ಆವೃತ್ತಿಯಲ್ಲಿ ಕಾಳಗದ ಒಂದು ಸುತ್ತೆಂದರೆ ಆರು ಸೆಕೆಂಡು. ತನ್ನ ಸರದಿಯಲ್ಲಿ ಸಾಮಾನ್ಯ ಮನುಷ್ಯ 30 ಅಡಿ ನಡೆಯಬಹುದು, ಒಂದು ಕ್ರಿಯೆ ಮಾಡಬಹುದು. ನಡೆಯನ್ನು ತುಂಡರಿಸಿ, ಹತ್ತಡಿ ನುಗ್ಗಿ, ಹೊಡೆದು, ಉಳಿದ ಇಪ್ಪತ್ತಡಿ ಹಿಂದೆ ಬರುವುದಕ್ಕೂ ಅಡ್ಡಿಯಿಲ್ಲ. ಇಷ್ಟೇ ಆಗಿದ್ದರೆ ಎದುರಾಳಿಯ ಮುಂದೆ ನಿಲ್ಲುವವರೇ ಇರುತ್ತಿರಲಿಲ್ಲ. ಆದುದರಿಂದ ಒಂದು ತಡೆಯಿದೆ. ಕಣ್ಣಿಗೆ ಕಾಣುವ ವೈರಿ ತನ್ನ ಎಟಕಿನಿಂದ, ಸಾಮಾನ್ಯವಾಗಿ ಐದು ಅಡಿಯಿಂದ, ಹೊರಗೆ ಹೋಗುವ ಕ್ಷಣದಲ್ಲಿ ಎದುರಾಳಿ ತನ್ನ ಸರದಿಯಲ್ಲದಿದ್ದರೂ ಅವನ ಮೇಲೆ ಒಂದು ಏಟು ಹಾಕಬಹುದು.

ಈ ವಾಕ್ಯದ ಒಂದೊಂದು ಪದಕ್ಕೂ ತೂಕವಿದೆ. ಎಟಕಿನೊಳಗೆ ಬರುವವನಿಗೆ ಈ ಏಟಿಲ್ಲ. ಒಳಗಿದ್ದುಕೊಂಡೇ ವೈರಿಯನ್ನು ಸುತ್ತುವವನಿಗೂ ಇಲ್ಲ. ಸ್ಫೋಟದ ರಭಸಕ್ಕೆ ಎಸೆಯಲ್ಪಟ್ಟವನಿಗೂ ಇಲ್ಲ, ಏಕೆಂದರೆ ಅವನು ತಾನಾಗಿ ಹೋದವನಲ್ಲ. 2000ದ ಆವೃತ್ತಿಯಲ್ಲಿ ವೈರಿಯ ಎಟಕಿನೊಳಗೇ ಚೌಕದಿಂದ ಚೌಕಕ್ಕೆ ಸರಿದರೂ ಸಾಮಾನ್ಯವಾಗಿ ಏಟು ಬೀಳುತ್ತಿತ್ತು. ಪದಗಳು ಬದಲಾದವು, ಕಾಳಗದ ಚಲನೆಯೇ ಬದಲಾಯಿತು. ಹೀಗೆ ಪದಪದವನ್ನು ಹಿಡಿದು ವಾದಿಸುವವನನ್ನು ಆ ಮೇಜುಗಳಲ್ಲಿ ‘ರೂಲ್ಸ್ ಲಾಯರ್’ ಎಂದು ಹಂಗಿಸುವುದುಂಟು. ಹಂಗಿಸುವವರೂ ತಮ್ಮ ಪಾತ್ರ ಸಾಯುವ ಹೊತ್ತಿಗೆ ಅವನ ಮುಖವನ್ನೇ ನೋಡುತ್ತಾರೆ.

ತಪ್ಪಿಸಿಕೊಳ್ಳುವ ದಾರಿಗಳಿವೆ, ಯಾವುದೂ ಪುಕ್ಕಟೆಯಲ್ಲ. ‘ಡಿಸ್‌ಎಂಗೇಜ್’ ಎಂಬ ಕ್ರಿಯೆಯನ್ನು ಆರಿಸಿದರೆ ಆ ಸರದಿಯ ನಡೆಗೆ ಬೆನ್ನೇಟಿಲ್ಲ. ಆದರೆ ಹೊಡೆಯುವ ಅವಕಾಶ ಹೋಯಿತು. ‘ಡ್ಯಾಶ್’ ಓಟವನ್ನು ಇಮ್ಮಡಿಸುತ್ತದೆ, ಬೆನ್ನನ್ನು ಕಾಯುವುದಿಲ್ಲ. ಹೊಸಬರು ಇವೆರಡನ್ನೂ ಒಂದೇ ಎಂದೆಣಿಸಿ ಓಡಿಹೋಗಿ ಬೀಳುತ್ತಾರೆ. ‘ಡಾಡ್ಜ್’ ನಿಂತು ತಪ್ಪಿಸಿಕೊಳ್ಳುವ ಉಪಾಯ. ತನಗೆ ಕಾಣುವ ವೈರಿ ಹೊಡೆಯುವಾಗ ಅವನು ಎರಡು ದಾಳ ಎಸೆದು ಕಡಿಮೆ ಬಿದ್ದುದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಸರಪಳಿ ಕವಚ ತೊಟ್ಟವನ ರಕ್ಷಣೆಯ ಅಂಕ 16. ದಾಳಕ್ಕೆ 4 ಕೂಡಿಸಿಕೊಳ್ಳುವ ವೈರಿಗೆ 12 ಅಥವಾ ಹೆಚ್ಚು ಬೀಳಬೇಕು. ನೂರಕ್ಕೆ 45 ಸಲ ಏಟು ತಗುಲುತ್ತದೆ. ಎರಡು ದಾಳಗಳಾದಾಗ ಅದು 20ಕ್ಕೆ ಇಳಿಯುತ್ತದೆ. ಹತ್ತನೆಯ ತರಗತಿಯ ಸಂಭವನೀಯತೆಯ ಪಾಠ ಓದಿದವರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಆದರೆ ಜೀವ ಉಳಿಯುವುದು ಒಬ್ಬನ ಲೆಕ್ಕದಿಂದಲ್ಲ. ಉಪಾಯದಿಂದ ಹಿಂದೆ ಸರಿದವನನ್ನು ಅಷ್ಟೇ ವೇಗದ ವೈರಿ ತನ್ನ ಸರದಿಯಲ್ಲಿ ಬೆನ್ನಟ್ಟಿ ಹೊಡೆಯಬಲ್ಲ. ನಡುವೆ ಯಾರಾದರೂ ನಿಲ್ಲಬೇಕು. ಇಕ್ಕಟ್ಟಾದ ಬಾಗಿಲಲ್ಲಿ ಒಬ್ಬ ಸಂಗಾತಿ ನಿಂತರೆ, ವ್ಯೂಹದ ಬಾಯಲ್ಲಿ ಸೈಂಧವನೊಬ್ಬ ಭೀಮಾದಿಗಳನ್ನು ತಡೆದಂತೆ, ಸಮಗಾತ್ರದ ವೈರಿ ಅವನನ್ನು ದಾಟಿ ಹೋಗಲಾರ. ಇನ್ನೊಂದು ಸೂಕ್ಷ್ಮವೂ ಉಂಟು. ಬೆನ್ನೇಟಿಗೆ ಬೇಕಾದ ‘ಪ್ರತಿಕ್ರಿಯೆ’ ಒಬ್ಬನಿಗೆ ತನ್ನ ಮುಂದಿನ ಸರದಿಯವರೆಗೆ ಒಂದೇ. ಗಟ್ಟಿ ಕವಚದವನು ಬೇಕೆಂದೇ ಮೊದಲು ಹೊರಟು ಆ ಏಟನ್ನು ತನ್ನ ಮೇಲೆ ಎಳೆದುಕೊಂಡರೆ, ಹಿಂದೆಯೇ ಗಾಯಾಳು ಸಂಗಾತಿ ನಿರ್ಭಯವಾಗಿ ಹೊರಡಬಹುದು. ಇದನ್ನು ನಿಯಮಪುಸ್ತಕ ಮಾಡೆಂದು ಹೇಳುವುದಿಲ್ಲ. ಓದಿ ಅರ್ಥಮಾಡಿಕೊಂಡವರು ಕಂಡುಕೊಳ್ಳುತ್ತಾರೆ.

ಹಾಗೆ ಓದಬೇಕಾದರೆ ನಿಯಮ ತಿಳಿದ ಭಾಷೆಯಲ್ಲಿರಬೇಕು. ಆಟದ ಮೂಲ ನಿಯಮಗಳ ಸಂಗ್ರಹವನ್ನು ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಮೂಲವನ್ನು ಹೆಸರಿಸಿ, ಬದಲಾವಣೆಯಾಗಿದೆಯೆಂದು ಸೂಚಿಸಿದರೆ ಯಾರೂ ಅದನ್ನು ಅನುವಾದಿಸಬಹುದು, ಅಚ್ಚುಹಾಕಿಸಬಹುದು. ಯಾರ ಅಪ್ಪಣೆಯೂ ಬೇಡ. ಗಡಿಯಾಚೆಯ ಕನ್ನಡ ಶಾಲೆಯೊಂದರ ಮಕ್ಕಳು ಅಧ್ಯಾಪಕರೊಡನೆ ಕುಳಿತು ಕಾಳಗದ ಅಧ್ಯಾಯವೊಂದನ್ನೇ ಕನ್ನಡಿಸಿದರೂ ಅದು ನ್ಯಾಯವಾದ ಕೆಲಸ. ‘ಎಟಕು’ ಎಂಬ ಮಾತು ಅವರ ಮನೆಯಲ್ಲಿಯೇ ಇದೆ. ‘ಹೊರಗೆ ಹೋದರೆ’ ಎಂಬುದಕ್ಕೂ ‘ಹೊರಗೆ ತಳ್ಳಲ್ಪಟ್ಟರೆ’ ಎಂಬುದಕ್ಕೂ ಇರುವ ಭೇದವನ್ನು ವಾಕ್ಯದಲ್ಲಿ ಕಾಪಾಡುವುದು ಅವರ ಮೊದಲ ಕಷ್ಟವಾದೀತು.